ಅಂಗಡಿಕಾರನ ಅರ್ಜಿಯೂ ದೂರದವರ ದನಿಯೂ

ಚೀನಾದ ಚಿಂಗ್‌ಹಾಯ್ ಪ್ರಾಂತದಲ್ಲಿ ಯುಶು ಎಂಬ ಊರಿದೆ. ಟಿಬೆಟನ್ ಜನರು ಬಹುಸಂಖ್ಯೆಯಲ್ಲಿರುವ ಈ ಊರು ಸಮುದ್ರಮಟ್ಟದಿಂದ 3,600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. 2010ರ ಏಪ್ರಿಲ್ 14ರಂದು ಅಲ್ಲಿ ಸಂಭವಿಸಿದ ಭೂಕಂಪದಲ್ಲಿ 2,600ಕ್ಕೂ ಹೆಚ್ಚು ಜನ ಮಡಿದರು. ಊರು ಮತ್ತೆ ಎದ್ದು ನಿಂತಿತು. ಹಾಗೆ ಎದ್ದು ನಿಂತ ಊರಿನಲ್ಲಿ ತಾಶಿ ವಾಂಗ್‌ಚುಕ್ ಎಂಬ ಯುವಕರೊಬ್ಬರು ಅಂಗಡಿ ನಡೆಸುತ್ತಿದ್ದರು. ಸ್ಥಳೀಯ ಸರಕುಗಳನ್ನು ಅಂತರ್ಜಾಲದ ಮೂಲಕವೂ ಮಾರುತ್ತಿದ್ದ ಅವರ ವ್ಯಾಪಾರ ಎಷ್ಟು ಹೆಸರು ಪಡೆದಿತ್ತೆಂದರೆ, 2014ರಲ್ಲಿ ಚೀನಾದ ಅಲಿಬಾಬಾ ಕಂಪನಿ ತನ್ನ ಪ್ರಚಾರ ಚಿತ್ರವೊಂದರಲ್ಲಿ ಅವರನ್ನು ತೋರಿಸಿತು.

ಇಂಥ ಅಂಗಡಿಕಾರರ ಚಿಂತೆ ವ್ಯಾಪಾರದ್ದಾಗಿರಲಿಲ್ಲ. ಮನೆಯಲ್ಲಿ ಓದುವ ವಯಸ್ಸಿನ ಇಬ್ಬರು ಹೆಣ್ಣುಮಕ್ಕಳಿದ್ದರು, ಒಡಹುಟ್ಟಿದವರ ಮಕ್ಕಳು. ಅವರು ಟಿಬೆಟನ್ ಭಾಷೆಯನ್ನು ಮುಂದುವರಿಸಿ ಕಲಿಯಲು ಊರಿನಲ್ಲಿ ಎಡೆಯೇ ಉಳಿದಿರಲಿಲ್ಲ. ಸರಕಾರಿ ಶಾಲೆಗಳಲ್ಲಿ ಪಾಠವೆಲ್ಲ ಚೀನೀ ಭಾಷೆಯಲ್ಲಿ ನಡೆಯುತ್ತಿತ್ತು. ಟಿಬೆಟನ್ ಭಾಷೆ ಇದ್ದರೂ ಪರಭಾಷೆಯೊಂದನ್ನು ಕಲಿಸುವಂತೆ ಒಂದು ಪಾಠದ ಅವಧಿಗೆ ಸೀಮಿತವಾಗಿತ್ತು. ಹತ್ತಿರದ ಮಠವೊಂದರಲ್ಲಿ ಊರವರಿಗಾಗಿ ನಡೆಯುತ್ತಿದ್ದ ಭಾಷಾ ತರಗತಿಗಳನ್ನು ಅಧಿಕಾರಿಗಳು ನಿಲ್ಲಿಸಿದ್ದರು. ಮಕ್ಕಳು ಮನೆಯಲ್ಲಿ ಮಾತನಾಡುವ ಭಾಷೆಯಲ್ಲಿ ತಮ್ಮ ಹೆಸರನ್ನು ತಪ್ಪಿಲ್ಲದೆ ಬರೆಯಲಾರದ ದಿನ ಬರುತ್ತಿದೆಯೆಂದು ತಾಶಿ ಕಳವಳಗೊಂಡರು.

ಕಳವಳಗೊಂಡವರು ಕಾನೂನಿನ ಪುಸ್ತಕವನ್ನು ತೆರೆದರು. ಚೀನಾದ ಸಂವಿಧಾನದ 4ನೆಯ ವಿಧಿ ಅಲ್ಲಿನ ಎಲ್ಲ ಜನಾಂಗಗಳಿಗೂ ತಮ್ಮ ಆಡುಮಾತನ್ನೂ ಲಿಪಿಯನ್ನೂ ಬಳಸುವ, ಬೆಳೆಸುವ ಸ್ವಾತಂತ್ರ್ಯವಿದೆಯೆಂದು ಹೇಳುತ್ತದೆ. 1984ರ ಪ್ರಾದೇಶಿಕ ಸ್ವಾಯತ್ತತೆಯ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಪಸಂಖ್ಯಾತ ಜನಾಂಗದ ಮಕ್ಕಳೇ ಹೆಚ್ಚಾಗಿರುವ ಶಾಲೆಗಳಲ್ಲಿ ಸಾಧ್ಯವಿರುವೆಡೆಯೆಲ್ಲ ಅವರ ಭಾಷೆಯ ಪಠ್ಯಪುಸ್ತಕಗಳಿರಬೇಕು, ಅದೇ ಭಾಷೆಯಲ್ಲಿ ಪಾಠ ನಡೆಯಬೇಕು ಎಂಬುದು ಅದರ 37ನೆಯ ವಿಧಿಯ ಆಶಯ. ತಾಶಿಯವರ ಬೇಡಿಕೆ ಇದಕ್ಕಿಂತ ಒಂದಕ್ಷರವೂ ಹೆಚ್ಚಿನದಾಗಿರಲಿಲ್ಲ. ಸರಕಾರ ತಾನೇ ಬರೆದುಕೊಂಡ ಮಾತನ್ನು ನಡೆಸಿಕೊಡಲಿ ಎಂದಷ್ಟೇ ಅವರು ಕೇಳಿದರು.

2015ರಲ್ಲಿ ಅವರು ಸಾವಿರಾರು ಕಿಲೋಮೀಟರ್ ದೂರದ ಬೀಜಿಂಗಿಗೆ ಹೋದರು. ಸ್ಥಳೀಯ ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಬೇಕು, ಸರಕಾರಿ ದೂರದರ್ಶನ ಸಂಸ್ಥೆಗೆ ವಿಷಯ ತಿಳಿಸಬೇಕು ಎಂಬುದು ಅವರ ಸಂಕಲ್ಪವಾಗಿತ್ತು. ವಕೀಲರ ಕಚೇರಿ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲಿಲ್ಲ, ದೂರದರ್ಶನದಿಂದಲೂ ಪ್ರಯೋಜನವಾಗಲಿಲ್ಲ. ಈ ಪಯಣವನ್ನು ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸುಮಾರು ಒಂಬತ್ತು ನಿಮಿಷಗಳ ಸಾಕ್ಷ್ಯಚಿತ್ರವಾಗಿ ಅದೇ ವರ್ಷ ನವೆಂಬರಿನಲ್ಲಿ ಪ್ರಕಟಿಸಿತು. ತಾಶಿ ಮುಖ ಮರೆಸಿಕೊಳ್ಳಲಿಲ್ಲ, ಹೆಸರನ್ನೂ ಬದಲಿಸಲಿಲ್ಲ. ಟಿಬೆಟಿನ ಸ್ವಾತಂತ್ರ್ಯ ತಮ್ಮ ಬೇಡಿಕೆಯಲ್ಲ, ಭಾಷೆಯನ್ನು ಕಲಿಸುವ ಶಾಲೆಯಷ್ಟೇ ಬೇಕು ಎಂಬುದನ್ನು ಅವರು ಸ್ಪಷ್ಟವಾಗಿ ತಿಳಿಸಿದ್ದರು.

2016ರ ಜನವರಿ 27ರಂದು ಅವರ ಬಂಧನವಾಯಿತು. ಸುಮಾರು ಎರಡು ತಿಂಗಳ ಕಾಲ ಮನೆಯವರಿಗೆ ಅಧಿಕೃತವಾಗಿ ಯಾವ ಸುದ್ದಿಯೂ ಇರಲಿಲ್ಲ. ಅವರ ಮೇಲೆ ಹೊರಿಸಿದ ಆರೋಪ, ‘ಪ್ರತ್ಯೇಕತೆಗೆ ಪ್ರಚೋದನೆ’. 2018ರ ಜನವರಿ 4ರಂದು ನಡೆದ ವಿಚಾರಣೆ ಕೆಲವೇ ಗಂಟೆಗಳಲ್ಲಿ ಮುಗಿಯಿತು. ಆ ಒಂಬತ್ತು ನಿಮಿಷಗಳ ಚಿತ್ರವೇ ಮುಖ್ಯ ಪುರಾವೆಯಾಯಿತು. ಅದೇ ವರ್ಷ ಮೇ 22ರಂದು ನ್ಯಾಯಾಲಯ ಐದು ವರ್ಷಗಳ ಸೆರೆವಾಸ ವಿಧಿಸಿತು.

ಇಷ್ಟು ವಿವರಗಳು ಇಂದು ಲೋಕಕ್ಕೆ ಹೇಗೆ ತಿಳಿದಿವೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಚೀನಾದ ಒಳಗೆ ಈ ಪ್ರಕರಣವನ್ನು ಬಹಿರಂಗವಾಗಿ ಚರ್ಚಿಸುವ ಪತ್ರಿಕೆಯಿರಲಿಲ್ಲ, ಸಭೆ ಸೇರುವ ಅವಕಾಶವಿರಲಿಲ್ಲ. ವಕೀಲರಿಬ್ಬರು ಧೈರ್ಯದಿಂದ ವಾದಿಸಿದರು. ಅವರಾಚೆಗೆ ತಾಶಿಯವರ ಹೆಸರನ್ನು ಉಳಿಸಿದವರು ಹೊರದೇಶಗಳ ಸರಕಾರೇತರ ಸಂಸ್ಥೆಗಳು. ಲಂಡನ್ನಿನ ಆಮ್ನೆಸ್ಟಿ ಇಂಟರ್‌ನ್ಯಾಷನಲ್, ನ್ಯೂಯಾರ್ಕಿನ ಹ್ಯೂಮನ್ ರೈಟ್ಸ್ ವಾಚ್, ಲೇಖಕರ ಸಂಘವಾದ ಪೆನ್ ಅಮೆರಿಕ, ವಾಷಿಂಗ್ಟನ್ನಿನ ಇಂಟರ್‌ನ್ಯಾಷನಲ್ ಕ್ಯಾಂಪೇನ್ ಫಾರ್ ಟಿಬೆಟ್, ನಮ್ಮದೇ ದೇಶದ ಧರ್ಮಶಾಲೆಯಲ್ಲಿ 1996ರಿಂದ ಕೆಲಸ ಮಾಡುತ್ತಿರುವ ಟಿಬೆಟನ್ ಮಾನವ ಹಕ್ಕುಗಳ ಕೇಂದ್ರ, ಇವೆಲ್ಲವೂ ಬಂಧನದ ದಿನಾಂಕ, ಆರೋಪದ ಕಲಮು, ವಿಚಾರಣೆಯ ವಿವರಗಳನ್ನು ಕಲೆಹಾಕಿ ಪ್ರಕಟಿಸಿದವು. ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು 2018ರಲ್ಲಿ ಈ ಶಿಕ್ಷೆಯನ್ನು ಖಂಡಿಸಿದರು.

ಈ ಬಗೆಯ ಕೆಲಸದ ಸ್ವರೂಪವನ್ನು ತಿಳಿಯುವುದು ಉಪಯುಕ್ತ. 1961ರಲ್ಲಿ ಪೀಟರ್ ಬೆನೆನ್ಸನ್ ಎಂಬ ಇಂಗ್ಲಿಷ್ ವಕೀಲರು ಪತ್ರಿಕೆಯೊಂದರಲ್ಲಿ ಮರೆತುಹೋದ ಕೈದಿಗಳ ಬಗ್ಗೆ ಲೇಖನ ಬರೆದರು. ಅದರಿಂದ ಆಮ್ನೆಸ್ಟಿ ಹುಟ್ಟಿತು. ಅದರ ಉಪಾಯ ಬಹಳ ಸರಳವಾದದ್ದು. ಯಾವ ಹಿಂಸೆಯನ್ನೂ ಬೋಧಿಸದೆ ಕೇವಲ ಅಭಿಪ್ರಾಯಕ್ಕಾಗಿ ಸೆರೆಯಾದವರ ಹೆಸರನ್ನು ಆರಿಸಿಕೊಳ್ಳುವುದು; ಆ ಹೆಸರನ್ನು ಬರೆದು, ನಾನಾ ದೇಶಗಳ ಸಾಮಾನ್ಯ ಜನರು ಆಳುವವರಿಗೂ ಜೈಲಿನ ಅಧಿಕಾರಿಗಳಿಗೂ ಕಾಗದ ಕಳಿಸುವುದು. ಒಂದು ಕಾಗದವನ್ನು ಕಸದ ಬುಟ್ಟಿಗೆ ಹಾಕಬಹುದು. ಚೀಲಗಟ್ಟಲೆ ಕಾಗದ ಬರತೊಡಗಿದಾಗ, ಈ ಕೈದಿಯನ್ನು ಯಾರೋ ಗಮನಿಸುತ್ತಿದ್ದಾರೆಂಬುದು ಅಧಿಕಾರಿಗೆ ತಿಳಿಯುತ್ತದೆ.

ಚೀನಾದ ಜನರಿಗಾಗಿ ಚೀನೀಯರೇ ಹೊರದೇಶದಲ್ಲಿ ಕಟ್ಟಿದ ಸಂಸ್ಥೆಗಳೂ ಇವೆ. 1989ರ ಮಾರ್ಚಿಯಲ್ಲಿ ಅಮೆರಿಕದಲ್ಲಿದ್ದ ಚೀನೀ ವಿದ್ಯಾರ್ಥಿಗಳೂ ವಿದ್ವಾಂಸರೂ ಸೇರಿ ‘ಹ್ಯೂಮನ್ ರೈಟ್ಸ್ ಇನ್ ಚೈನಾ’ ಎಂಬ ಸಂಸ್ಥೆಯನ್ನು ನ್ಯೂಯಾರ್ಕಿನಲ್ಲಿ ಸ್ಥಾಪಿಸಿದರು. ಮೂರೇ ತಿಂಗಳಲ್ಲಿ ಬೀಜಿಂಗಿನ ತಿಯಾನನ್‌ಮೆನ್ ಚೌಕದ ಸುತ್ತಮುತ್ತ ಸೈನ್ಯ ಗುಂಡು ಹಾರಿಸಿತು. ಜೂನ್ 3ರ ರಾತ್ರಿ ಸತ್ತವರಲ್ಲಿ 17 ವರ್ಷದ ಒಬ್ಬ ಶಾಲಾ ವಿದ್ಯಾರ್ಥಿಯೂ ಇದ್ದ. ಅವನ ತಾಯಿ ದಿಂಗ್ ಝಿಲಿನ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕಿ. ಸತ್ತವರೆಷ್ಟು ಮಂದಿ, ಯಾರು ಯಾರು ಎಂಬ ಪೂರ್ಣ ಪಟ್ಟಿಯನ್ನು ಸರಕಾರ ಇಂದಿಗೂ ಪ್ರಕಟಿಸಿಲ್ಲ. ಆ ತಾಯಿ ತನ್ನಂತೆ ಮಕ್ಕಳನ್ನು ಕಳೆದುಕೊಂಡ ಮನೆಗಳನ್ನು ಒಂದೊಂದಾಗಿ ಹುಡುಕಿ ಹೆಸರುಗಳನ್ನು ಬರೆಯತೊಡಗಿದರು. ಪೊಲೀಸರ ಕಾವಲು, ಕೆಲಸಕ್ಕೆ ಕುತ್ತು, ಗೃಹಬಂಧನ ಎಲ್ಲವನ್ನೂ ಕಂಡರು. ವರ್ಷಗಳು ಕಳೆದಂತೆ ಆ ಪಟ್ಟಿ 200 ಹೆಸರುಗಳನ್ನು ದಾಟಿತು. ಚೀನಾದಲ್ಲಿ ಅಚ್ಚಾಗಲಾರದ ಆ ಪಟ್ಟಿಯನ್ನು ನ್ಯೂಯಾರ್ಕಿನ ಸಂಸ್ಥೆ ಪ್ರಕಟಿಸಿ ಕಾಪಾಡಿತು. ಮನೆಮನೆಗೆ ಹೋಗಿ ಬರೆದವರು ಒಳಗಿನವರು, ಬರೆದದ್ದು ಅಳಿಯದಂತೆ ನೋಡಿಕೊಂಡವರು ಹೊರಗಿನವರು. ಹೊರಗಿನವರ ಪಾತ್ರ ಎಷ್ಟರಮಟ್ಟಿನದು ಎಂಬುದನ್ನು ಈ ಒಂದು ಉದಾಹರಣೆಯೇ ತೋರಿಸುತ್ತದೆ.

ಎಲ್ಲ ಸಂಸ್ಥೆಗಳೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಜಾನ್ ಕಾಮ್ ಎಂಬ ಅಮೆರಿಕನ್ನರು ಹಾಂಗ್‌ಕಾಂಗಿನಲ್ಲಿ ರಾಸಾಯನಿಕ ವಸ್ತುಗಳ ವ್ಯಾಪಾರ ಮಾಡುತ್ತಿದ್ದರು. 1990ರಲ್ಲಿ ಅಲ್ಲಿನ ಅಮೆರಿಕನ್ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದಾಗ, ಚೀನಾದ ಹಿರಿಯ ಪ್ರತಿನಿಧಿಯೊಬ್ಬರು ಏರ್ಪಡಿಸಿದ್ದ ಔತಣಕೂಟದಲ್ಲಿ ಅವರು ಎದ್ದು, ಸೆರೆಯಲ್ಲಿದ್ದ ಹಾಂಗ್‌ಕಾಂಗಿನ ವಿದ್ಯಾರ್ಥಿಯೊಬ್ಬನನ್ನು ಬಿಡಬೇಕೆಂದು ಕೇಳಿದರು. ಔತಣದ ಮೇಜಿನಲ್ಲಿ ಇಂಥ ಮಾತು ಬಂದದ್ದಕ್ಕೆ ಅತಿಥಿಗಳು ಮುಜುಗರಪಟ್ಟರು. ಆದರೆ ಕೆಲವೇ ವಾರಗಳಲ್ಲಿ ಆ ವಿದ್ಯಾರ್ಥಿಯ ಬಿಡುಗಡೆಯಾಯಿತು. ಕಾಮ್ ಕ್ರಮೇಣ ವ್ಯಾಪಾರವನ್ನು ಬಿಟ್ಟರು. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ದುಯ್ ಹುವಾ’ ಎಂಬ ಪ್ರತಿಷ್ಠಾನವನ್ನು ಆರಂಭಿಸಿದರು. ಚೀನೀ ಭಾಷೆಯಲ್ಲಿ ಆ ಹೆಸರಿಗೆ ಸಂವಾದ ಎಂದರ್ಥ. ಚೀನಾದಲ್ಲೇ ಪ್ರಕಟವಾದ ಪತ್ರಿಕೆಗಳು, ಜಿಲ್ಲಾ ದಾಖಲೆಗಳು, ನ್ಯಾಯಾಲಯದ ವರದಿಗಳನ್ನು ಓದಿ ಅಲ್ಲಿ ಮೂಲೆಯಲ್ಲಿ ಅಡಗಿರುವ ಕೈದಿಗಳ ಹೆಸರುಗಳನ್ನು ಹೆಕ್ಕುವುದು, ಪಟ್ಟಿ ಮಾಡಿ ಸೌಜನ್ಯದ ಭಾಷೆಯಲ್ಲಿ ಅಧಿಕಾರಿಗಳನ್ನು ವಿಚಾರಿಸುವುದು ಅದರ ಕ್ರಮ.

ಲ್ಹಾಸಾದ ಪ್ರಾಥಮಿಕ ಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದ ತಕ್ನಾ ಜಿಗ್ಮೆ ಸಾಂಗ್ಪೊ ಅವರ ಬಾಳಿನಲ್ಲಿ ಈ ಎರಡು ದಾರಿಗಳೂ ಕೂಡಿದವು. ಅವರು ಒಟ್ಟು ಮೂವತ್ತಕ್ಕೂ ಹೆಚ್ಚು ವರ್ಷ ಸೆರೆಯಲ್ಲಿದ್ದರು. ಜೈಲಿನೊಳಗೆ ಘೋಷಣೆ ಕೂಗಿದ್ದಕ್ಕೆ ಶಿಕ್ಷೆಯ ಅವಧಿ ಮತ್ತೆ ಮತ್ತೆ ಬೆಳೆಯಿತು. ಅವರಿಗಾಗಿ ಆಮ್ನೆಸ್ಟಿಯ ಸದಸ್ಯರು ವರ್ಷಗಟ್ಟಲೆ ಕಾಗದ ಬರೆದರು. ಕಾಮ್ ಮೌನವಾಗಿ ಮಾತುಕತೆ ನಡೆಸಿದರು. 2002ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅನಾರೋಗ್ಯದ ಕಾರಣ ನೀಡಿ ಅವರನ್ನು ಬಿಡುಗಡೆ ಮಾಡಲಾಯಿತು. ಕೊನೆಯ ದಿನಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆದು 2020ರಲ್ಲಿ ಆ ಮೇಷ್ಟರು ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತವಾದಂತೆ ತೋರಬಹುದು. ಸತ್ಯ ಹಾಗಿಲ್ಲ. ತಾಶಿ ವಾಂಗ್‌ಚುಕ್ ಅವರ ಶಿಕ್ಷೆ ಒಂದು ದಿನವೂ ಕಡಿಮೆಯಾಗಲಿಲ್ಲ. ಐದು ವರ್ಷಗಳನ್ನು ಪೂರ್ತಿ ಮುಗಿಸಿಯೇ 2021ರ ಜನವರಿ 28ರಂದು ಅವರು ಹೊರಬಂದರು. ದೊಡ್ಡ ಸಂಸ್ಥೆಗಳೂ ವಿಶ್ವಸಂಸ್ಥೆಯ ತಜ್ಞರೂ ಅನೇಕ ದೇಶಗಳ ಪತ್ರಿಕೆಗಳೂ ಕೂಡಿ ಕೇಳಿದರೂ ಸೆರೆಮನೆಯ ಬೀಗ ತೆರೆಯಲಿಲ್ಲ.

ಅವರು ಒಳಗಿದ್ದಾಗಲೇ ಇನ್ನೊಂದು ಭಾಷೆಯ ಸರದಿ ಬಂದಿತು. 2020ರ ಆಗಸ್ಟಿನ ಕೊನೆಯಲ್ಲಿ ಚೀನಾದ ಒಳ ಮಂಗೋಲಿಯಾ ಪ್ರದೇಶದ ಅಧಿಕಾರಿಗಳು ಹೊಸ ಆದೇಶ ಹೊರಡಿಸಿದರು. ಮಂಗೋಲ್ ಮಾಧ್ಯಮದ ಶಾಲೆಗಳಲ್ಲಿ ಭಾಷೆ ಮತ್ತು ಸಾಹಿತ್ಯದ ಪಾಠ ಆ ವರ್ಷದಿಂದಲೇ, ನೀತಿ ಮತ್ತು ಕಾನೂನಿನ ಪಾಠ ಮರುವರ್ಷದಿಂದ, ಇತಿಹಾಸದ ಪಾಠ 2022ರಿಂದ ಚೀನೀ ಭಾಷೆಯ ರಾಷ್ಟ್ರೀಯ ಪಠ್ಯಪುಸ್ತಕಗಳಲ್ಲೇ ನಡೆಯಬೇಕೆಂದರು. ಶಾಲೆ ಆರಂಭವಾಗುವ ಸೆಪ್ಟೆಂಬರ್ 1ರಂದು ಸಾವಿರಾರು ತಂದೆತಾಯಿಗಳು ಮಕ್ಕಳನ್ನು ಮನೆಯಲ್ಲೇ ಇರಿಸಿಕೊಂಡರು. ಕೆಲವೆಡೆ ವಸತಿಶಾಲೆಗಳ ಗೇಟಿನ ಮುಂದೆ ಮಕ್ಕಳನ್ನು ಮನೆಗೆ ಕರೆದೊಯ್ಯಲು ಪೋಷಕರು ಕಾದು ನಿಂತರು. ಮಂಗೋಲ್ ಭಾಷೆಯ ಜನ ಪರಸ್ಪರ ಮಾತನಾಡಿಕೊಳ್ಳುತ್ತಿದ್ದ ‘ಬೈನು’ ಎಂಬ ಜಾಲತಾಣವನ್ನು ಮುಚ್ಚಲಾಯಿತು. ಪ್ರತಿಭಟಿಸಿದವರ ಭಾವಚಿತ್ರಗಳನ್ನು ಪೊಲೀಸರು ಪ್ರಕಟಿಸಿ, ಸುಳಿವು ಕೊಟ್ಟವರಿಗೆ 1,000 ಯುವಾನ್ ಬಹುಮಾನ ಘೋಷಿಸಿದರು. ಈ ಸುದ್ದಿ ಹೊರಬಂದದ್ದು ಬಹುಮಟ್ಟಿಗೆ 2001ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ದಕ್ಷಿಣ ಮಂಗೋಲಿಯಾ ಮಾನವ ಹಕ್ಕುಗಳ ಮಾಹಿತಿ ಕೇಂದ್ರದ ಮೂಲಕ. ಊರಿನವರು ಗುಟ್ಟಾಗಿ ಕಳಿಸಿದ ಚಿತ್ರ, ಧ್ವನಿಮುದ್ರಣಗಳನ್ನು ಆ ಪುಟ್ಟ ಸಂಸ್ಥೆ ಲೋಕಕ್ಕೆ ಮುಟ್ಟಿಸಿತು. ಆದರೂ ಪುಸ್ತಕಗಳು ಬದಲಾದವು. ಅಲ್ಪಸಂಖ್ಯಾತ ಭಾಷೆಯಲ್ಲೇ ಪಾಠ ನಡೆಯಬೇಕೆಂಬ ಸ್ಥಳೀಯ ನಿಯಮಗಳು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು 2021ರ ಜನವರಿಯಲ್ಲಿ ಚೀನಾದ ಸಂಸತ್ತಿನ ಕಾನೂನು ಸಮಿತಿಯ ಮುಖ್ಯಸ್ಥರು ವರದಿ ನೀಡಿದರು. ರಾಷ್ಟ್ರದ ಸಾಮಾನ್ಯ ಭಾಷೆಯನ್ನು ಪ್ರಚಾರ ಮಾಡಬೇಕೆನ್ನುವ 19ನೆಯ ವಿಧಿಯನ್ನು ಅವರು ಆಧಾರವಾಗಿ ಹೇಳಿದರು. 4ನೆಯ ವಿಧಿ ಪುಸ್ತಕದಲ್ಲಿ ಹಾಗೆಯೇ ಉಳಿದಿದೆ.

ಚೀನಾ ಸರಕಾರದ ವಾದವನ್ನೂ ಕೇಳಬೇಕು. ದೇಶದ ಸಾಮಾನ್ಯ ಭಾಷೆ ಬಂದರೆ ಮಕ್ಕಳಿಗೆ ಉನ್ನತ ಶಿಕ್ಷಣವೂ ಉದ್ಯೋಗವೂ ಸುಲಭ, ದೇಶದ ಏಕತೆಗೂ ಅದು ಅಗತ್ಯ ಎಂಬುದು ಒಂದು ಮಾತು. ಗಡಿನಾಡಿನ ಪೋಷಕರಿಗೆ ಈ ಮಾತು ಹೊಸದಲ್ಲ. ಅದರಲ್ಲಿ ಹುರುಳಿಲ್ಲವೆಂದೂ ಯಾರೂ ಹೇಳಲಾರರು. ತಾಶಿಯವರೂ ಚೀನೀ ಭಾಷೆಯನ್ನು ಕಲಿತವರೇ, ಆ ಭಾಷೆಯಲ್ಲೇ ವ್ಯಾಪಾರ ಮಾಡಿದವರೇ. ಅವರ ಆಕ್ಷೇಪ ಚೀನೀ ಭಾಷೆಯ ಮೇಲಿರಲಿಲ್ಲ, ತಮ್ಮ ಭಾಷೆಯನ್ನು ಶಾಲೆಯಿಂದ ಹೊರಹಾಕಿದ್ದರ ಮೇಲಿತ್ತು.

ಇನ್ನೊಂದು ಮಾತು, ಇದು ಚೀನಾದ ಆಂತರಿಕ ವಿಷಯ, ಹೊರಗಿನವರಿಗೆ ಇದರಲ್ಲಿ ಅಧಿಕಾರವಿಲ್ಲ ಎಂಬುದು. 2017ರ ಜನವರಿಯಿಂದ ಜಾರಿಗೆ ಬಂದ ಕಾನೂನಿನಂತೆ ಚೀನಾದೊಳಗೆ ಕೆಲಸ ಮಾಡುವ ವಿದೇಶೀ ಸಂಸ್ಥೆಗಳು ಪೊಲೀಸ್ ಇಲಾಖೆಯಲ್ಲೇ ನೋಂದಣಿ ಮಾಡಿಕೊಳ್ಳಬೇಕು. ಇಂಥ ಕೆಲವು ಸಂಸ್ಥೆಗಳಿಗೆ ಅಮೆರಿಕ ಸರಕಾರದ ಹಣ ಬಳಸುವ ನಿಧಿಗಳಿಂದ ನೆರವು ಬರುವುದೂ ನಿಜ. 2025ರ ಆರಂಭದಲ್ಲಿ ಆ ನೆರವು ನಿಂತಾಗ ಚೀನಾದ ವಿಷಯದಲ್ಲಿ ದುಡಿಯುವ ಹಲವು ಸಂಸ್ಥೆಗಳು ಸಿಬ್ಬಂದಿಯನ್ನು ಇಳಿಸಬೇಕಾಯಿತು. ಒಂದು ಸರಕಾರದ ಹಣವನ್ನು ಅವಲಂಬಿಸಿದವರ ಮಾತಿಗೆ ಇನ್ನೊಂದು ಸರಕಾರ ಸಂಶಯದ ಬಣ್ಣ ಹಚ್ಚುವುದು ಸುಲಭ. ತನ್ನ ಸಂಶೋಧನೆಗೂ ಪ್ರಚಾರಕ್ಕೂ ಯಾವ ಸರಕಾರದ ಹಣವನ್ನೂ ಪಡೆಯುವುದಿಲ್ಲವೆಂಬ ನಿಯಮವನ್ನು ಆಮ್ನೆಸ್ಟಿ ಇರಿಸಿಕೊಂಡಿರುವುದು ಈ ಕಾರಣಕ್ಕೇ.

ಆದರೆ ಮಾನವ ಹಕ್ಕುಗಳೆಂಬುದು ಹೊರಗಿನವರ ಸರಕು ಎಂಬ ವಾದಕ್ಕೆ ಚರಿತ್ರೆಯ ಬೆಂಬಲವಿಲ್ಲ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ರಚಿಸಿದ ಆಯೋಗಕ್ಕೆ ಉಪಾಧ್ಯಕ್ಷರಾಗಿದ್ದವರು ಪೆಂಗ್ ಚುನ್ ಚಾಂಗ್, ಅಂದಿನ ಚೀನಾದ ಪ್ರತಿನಿಧಿ. ಕನ್ಫ್ಯೂಷಿಯಸನ ಚಿಂತನೆಯನ್ನು ಅರಗಿಸಿಕೊಂಡಿದ್ದ ಆ ವಿದ್ವಾಂಸರು, ಘೋಷಣೆ ಪಶ್ಚಿಮದ ಒಂದೇ ತತ್ತ್ವಕ್ಕೆ ಕಟ್ಟುಬೀಳದಂತೆ ನೋಡಿಕೊಂಡರು. ಅದೇ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ, ಮೊದಲ ವಿಧಿಯಲ್ಲಿ ಗಂಡಸರನ್ನಷ್ಟೇ ಸೂಚಿಸುವಂತಿದ್ದ ಪದವನ್ನು ತೆಗೆಸಿ ‘ಮಾನವರೆಲ್ಲರೂ’ ಎಂಬರ್ಥದ ಪದವನ್ನು ಇರಿಸುವಂತೆ ಮಾಡಿದರು. ಮಕ್ಕಳಿಗೆ ಯಾವ ಬಗೆಯ ಶಿಕ್ಷಣ ಬೇಕೆಂದು ಆರಿಸುವ ಮೊದಲ ಹಕ್ಕು ತಂದೆತಾಯಿಗಳದು ಎಂಬುದು ಅದರ 26ನೆಯ ವಿಧಿಯಲ್ಲಿದೆ. ಅಲ್ಪಸಂಖ್ಯಾತರ ಮಗುವಿಗೆ ತನ್ನ ಭಾಷೆಯನ್ನು ಬಳಸುವ ಹಕ್ಕನ್ನು ನಿರಾಕರಿಸಬಾರದೆಂಬುದು ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿ. 1992ರಲ್ಲಿ ಭಾರತವೂ ಚೀನಾವೂ ಆ ಒಡಂಬಡಿಕೆಗೆ ಬದ್ಧವಾದವು. ಸಹಿ ಹಾಕಿದ ಮಾತನ್ನು ನೆನಪಿಸುವುದು ಪರರ ಮನೆಯೊಳಗೆ ಕೈಹಾಕಿದಂತಾಗುವುದಿಲ್ಲ.

ಈ ಸಂಗತಿ ಕನ್ನಡ ನಾಡಿಗೆ ತೀರ ದೂರದ್ದೂ ಅಲ್ಲ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, ಅನಂತರ ಮುಂಡಗೋಡಿನಲ್ಲಿ, ಹುಣಸೂರಿನ ಬಳಿ, ತಾಳವಾಡಿಗೆ ಹೊಂದಿಕೊಂಡಿರುವ ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ದೊರೆಯಿತು. ದೇಶ ಬಿಟ್ಟು ಬಂದ ಆ ಜನ ಮನೆಗಳೊಂದಿಗೇ ಶಾಲೆಗಳನ್ನೂ ಕಟ್ಟಿಕೊಂಡರು. 1980ರ ದಶಕದಿಂದ ಅವರ ಪ್ರಾಥಮಿಕ ತರಗತಿಗಳಲ್ಲಿ ಟಿಬೆಟನ್ ಮಾಧ್ಯಮವನ್ನು ಮತ್ತೆ ತಂದರು. ಯುಶುವಿನ ಅಂಗಡಿಕಾರರು ಯಾವ ಶಾಲೆಯನ್ನು ಕೇಳಿ ಸೆರೆಗೆ ಹೋದರೋ ಅಂಥ ಶಾಲೆ ಕಬಿನಿ ಕಾವೇರಿಗಳ ಸೀಮೆಯಲ್ಲಿ ನಡೆಯುತ್ತಿದೆ.

ಭಾರತದ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಅದು ಎಷ್ಟರಮಟ್ಟಿಗೆ ನಡೆಯುತ್ತಿದೆ ಎಂಬುದನ್ನು ಅಧ್ಯಾಪಕರ ಹುದ್ದೆಗೂ ಪಠ್ಯಪುಸ್ತಕಕ್ಕೂ ಕಾದವರು ಬಲ್ಲರು. ಕಾಸರಗೋಡಿನಲ್ಲಾಗಲಿ, ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಾಗಲಿ ಅರ್ಜಿ ಬರೆಯಬಹುದು, ಮೆರವಣಿಗೆ ಹೊರಡಬಹುದು, ನ್ಯಾಯಾಲಯದ ಮೆಟ್ಟಿಲೇರಬಹುದು, ಇಂಥ ವಾರಪತ್ರಿಕೆಯಲ್ಲಿ ಹೆಸರು ಹಾಕಿ ಬರೆಯಬಹುದು. ಫಲ ತಡವಾಗಬಹುದು, ಕೆಲವೊಮ್ಮೆ ಸಿಗದೆಯೂ ಹೋಗಬಹುದು. ಕೇಳಿದ್ದಕ್ಕಾಗಿ ಐದು ವರ್ಷದ ಸೆರೆಯಿಲ್ಲ. ಈ ವ್ಯತ್ಯಾಸ ದೊಡ್ಡದು, ಬಳಸದೆ ಬಿಟ್ಟರೆ ಕ್ಷಯಿಸುವಂಥದೂ ಹೌದು.

ಹಾಗಾದರೆ ದೂರದ ಸಂಸ್ಥೆಗಳ ದುಡಿಮೆಯಿಂದ ತಾಶಿಯವರಿಗೆ ದೊರೆತದ್ದೇನು? ನ್ಯಾಯಾಲಯದ ತೀರ್ಪಿನಲ್ಲಿ ಅವರು ಪ್ರತ್ಯೇಕತೆಗೆ ಪ್ರಚೋದಿಸಿದ ಅಪರಾಧಿ. ಆ ತೀರ್ಪೊಂದೇ ಉಳಿದಿದ್ದರೆ ಮುಂದಿನ ಪೀಳಿಗೆಗೆ ಅವರು ಹಾಗೆಯೇ ಕಾಣುತ್ತಿದ್ದರು. ಅವರು ಕೇಳಿದ್ದು ಶಾಲೆಯನ್ನು, ಆಧಾರವಾಗಿ ತೋರಿಸಿದ್ದು ತಮ್ಮ ದೇಶದ ಸಂವಿಧಾನವನ್ನು ಎಂಬ ಮಾತು ದಿನಾಂಕ, ಕಲಮುಗಳೊಂದಿಗೆ ಇನ್ನೊಂದೆಡೆ ಬರೆದಿಡಲ್ಪಟ್ಟಿದೆ. ಯುಶುವಿನ ಆ ಇಬ್ಬರು ಹೆಣ್ಣುಮಕ್ಕಳಿಗೆ ಮುಂದೊಂದು ದಿನ ತಮ್ಮವರು ಏಕೆ ಸೆರೆಗೆ ಹೋದರೆಂಬ ಸತ್ಯ ಅಲ್ಲಿ ಸಿಗುತ್ತದೆ.

ಬಿಡುಗಡೆಯ ಬಳಿಕ ತಾಶಿ ಸುಮ್ಮನೆ ಕೂರಲಿಲ್ಲ. 2022ರ ಆರಂಭದಲ್ಲಿ ಅವರು ಊರಿನ ಸರಕಾರಿ ಕಚೇರಿಗಳಿಗೆ ಹೋಗಿ, ಶಾಲೆಯಲ್ಲಿ ಟಿಬೆಟನ್ ಭಾಷೆ ಏನಾಯಿತೆಂದು ಮತ್ತೆ ಕೇಳಿದರೆಂಬ ವರದಿಗಳು ಬಂದವು. ಪೊಲೀಸರು ಕರೆಸಿ ವಿಚಾರಿಸಿದರೆಂಬ ವರದಿಗಳೂ ಬಂದವು. ಆ ವಿಚಾರಣೆಗಳ ಸುದ್ದಿಯನ್ನೂ ಧರ್ಮಶಾಲೆಯ, ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಯಾರೋ ತಾರೀಕು ಹಾಕಿ ಬರೆದಿರಿಸಿದ್ದಾರೆ.

ಮಕ್ಕಳು ಸಮಾಜ ಪಾಠದಲ್ಲಿ ಮಾನವ ಹಕ್ಕುಗಳ ಅಧ್ಯಾಯವನ್ನು ಪರೀಕ್ಷೆಗಾಗಿ ಓದುತ್ತಾರೆ. ಆ ಪುಟವನ್ನು ಬಿಡಿಸಿದ ಸಂಜೆ ಮನೆಯ ಹಿರಿಯರು ಯುಶುವಿನ ಅಂಗಡಿಕಾರರ ವೃತ್ತಾಂತವನ್ನು ಹೇಳಲಿ. ತಮ್ಮ ಶಾಲೆಯ ಕನ್ನಡ ಹಲಗೆ ಯಾರ ಯಾರ ಅರ್ಜಿಗಳಿಂದ ಅಲ್ಲಿ ಉಳಿದಿದೆ ಎಂಬುದನ್ನೂ ಅದರೊಂದಿಗೆ ಹೇಳಿದರೆ ಪಾಠ ಪೂರ್ಣವಾಗುತ್ತದೆ.